ಕೋಟೆ ಬಂಡೆಯ ಪದರ, ಮಂಗಳನ ಪದರ: ಎರಡೂ ಒಂದೇನಾ?

ಪ್ರಶ್ನೆ: ನಾನು ಹೊಳಲ್ಕೆರೆ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಈಚೆಗೆ ಎಂಟನೇ ಕ್ಲಾಸಿನ ಮಕ್ಕಳನ್ನು ಚಿತ್ರದುರ್ಗದ ಕೋಟೆಗೆ ಕರೆದುಕೊಂಡು ಹೋಗಿದ್ದೆ. ಅಲ್ಲೊಂದು ಬಂಡೆ ಪದರ ಪದರವಾಗಿ ಎದ್ದಿತ್ತು. ಹಿಂದಿನ ವಾರವಷ್ಟೇ ಮಂಗಳ ಗ್ರಹದ ಫೋಟೋ ತೋರಿಸಿದ್ದೆ. ಆ ಗುಂಗಿನಲ್ಲಿ, "ನೋಡ್ರಪ್ಪಾ, ಮಂಗಳನಲ್ಲೂ ಹೀಗೇ, ನೀರು ತಂದು ಹಾಕಿದ ಪದರ" ಎಂದುಬಿಟ್ಟೆ. ಒಬ್ಬ ಹುಡುಗಿ, "ಹಾಗಾದ್ರೆ ಈ ಕೋಟೆ ಗುಡ್ಡ ನೀರಲ್ಲಿತ್ತಾ ಸಾರ್?" ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಮೊಬೈಲಿನಲ್ಲಿ ಹುಡುಕಿದರೆ ಒಬ್ಬರು ಮಂಗಳನ ತುಂಬಾ ಸಮುದ್ರ ಇತ್ತು ಅಂತಾರೆ, ಇನ್ನೊಬ್ಬರು ಆ ಮೆಟ್ಟಿಲುಗಳನ್ನು ಯಾರೋ ಕಟ್ಟಿದ್ದು ಅಂತಾರೆ. ಪದರ ಇದ್ದರೆ ನೀರಿತ್ತು ಎಂದೇ ಅರ್ಥವಾ? ಹಾಕಿದ್ದು ನೀರಾದರೆ ಕೊರೆದದ್ದು ಯಾರು? ಕೊರೆದ ಮಣ್ಣೆಲ್ಲ ಎಲ್ಲಿಗೆ ಹೋಯಿತು? ವಿಜ್ಞಾನ ವಸ್ತುಪ್ರದರ್ಶನಕ್ಕೆ ಇದರ ಮಾದರಿ ಮಾಡಿಸಬೇಕು ಅಂತಿದ್ದೇನೆ. ಮಕ್ಕಳಿಗೆ ಮತ್ತೆ ತಪ್ಪು ಹೇಳಬಾರದು, ಅದೇ ಚಿಂತೆ.

ಉತ್ತರ: ಮೇಷ್ಟ್ರೇ, ಮೊದಲು ಆ ಹುಡುಗಿಗೆ ಒಂದು ಶಹಬ್ಬಾಸ್ ಹೇಳಿ. ಕೋಟೆಯ ಬಂಡೆ ನೀರಿನಲ್ಲಿ ಹುಟ್ಟಿದ್ದಲ್ಲ. ಅದು ಗ್ರಾನೈಟು. ಸುಮಾರು 260 ಕೋಟಿ ವರ್ಷಗಳ ಹಿಂದೆ ನೆಲದ ಆಳದಲ್ಲಿ ಕರಗಿದ ಕಲ್ಲು ನಿಧಾನಕ್ಕೆ ಆರಿ ಗಟ್ಟಿಯಾಗಿದ್ದು. ಅದರ ಮೇಲಿದ್ದ ಕಿಲೋಮೀಟರ್‌ಗಟ್ಟಲೆ ಕಲ್ಲು ಸವೆದು ಹೋದಾಗ ಹೊರೆ ಇಳಿಯಿತು. ಹೊರೆ ಇಳಿದ ಬಂಡೆ ಸ್ವಲ್ಪ ಹಿಗ್ಗಿ, ಮೈಗೆ ಸಮನಾಗಿ ಬಿರುಕು ಬಿಟ್ಟಿತು. ಆಮೇಲೆ ಬಿಸಿಲು, ಮಳೆ ಎಲ್ಲ ಸೇರಿ ಆ ಬಿರುಕನ್ನು ಬಿಡಿಸಿದವು. ಚಳ್ಳಕೆರೆ ಈರುಳ್ಳಿ ಸಿಪ್ಪೆ ಬಿಡುತ್ತದಲ್ಲ, ಹಾಗೆ. ಈರುಳ್ಳಿಯ ಸಿಪ್ಪೆಯನ್ನು ಯಾರೂ ಒಂದರ ಮೇಲೊಂದು ತಂದು ಹಾಕಿದ್ದಲ್ಲ.

ಮುಂದಿನ ಸಲ ಹೋದಾಗ ಬಿರುಕಿನ ಎರಡೂ ಬದಿಗೆ ಕಣ್ಣು ಹತ್ತಿರ ಇಟ್ಟು ನೋಡಿ. ಈಚೆಗೂ ಅದೇ ಬಿಳಿ, ಬೂದು, ಕಪ್ಪು ಹರಳು. ಆಚೆಗೂ ಅದೇ. ಬಂಡೆ ಎಲ್ಲಿ ಬಾಗಿದೆಯೋ ಸಿಪ್ಪೆಯೂ ಅಲ್ಲೇ ಬಾಗಿರುತ್ತದೆ. ಒಂದರ ಮೇಲೊಂದು ಬಿದ್ದು ಆದ ಪದರ ಹಾಗಿರುವುದಿಲ್ಲ. ಅದಕ್ಕೆ ಬಂಡೆಯ ಹೊರ ಆಕಾರದ ಹಂಗಿಲ್ಲ. ಪದರದಿಂದ ಪದರಕ್ಕೆ ಕಾಳಿನ ಗಾತ್ರವೋ ಬಣ್ಣವೋ ಬದಲಾಗುತ್ತದೆ. (ಕೋಟೆ ಸಂರಕ್ಷಿತ ಸ್ಮಾರಕ. ನೋಡಿ, ಆದರೆ ಸುತ್ತಿಗೆ ಮುಟ್ಟಿಸಬೇಡಿ.)

ನಿಮ್ಮ ತಪ್ಪಿಗೆ ನಮ್ಮ ಭಾಷೆಯೂ ಸ್ವಲ್ಪ ಕಾರಣ ಅನ್ನಿ. ಹಳೇ ಕನ್ನಡ ಪುಸ್ತಕಗಳಲ್ಲಿ ಹೀಗೆ ಒಂದರ ಮೇಲೊಂದು ಬಿದ್ದು ಆದ ಪದರದ ಕಲ್ಲಿಗೆ 'ಜಲಜ ಶಿಲೆ' ಎಂದಿರುತ್ತದೆ. ಹೆಸರಿನಲ್ಲೇ ನೀರಿದೆ! ಓದಿದವರು ಪದರ ಕಂಡ ಕಡೆಯೆಲ್ಲ ನೀರು ಅನ್ನದೆ ಇನ್ನೇನು ಅಂದಾರು? 'ಕಣಶಿಲೆ' ಅನ್ನುವುದೇ ಮೇಲು. ಕಣಗಳು ಬಿದ್ದು ಆದದ್ದು, ಅಷ್ಟೇ. ತಂದು ಹಾಕಿದ್ದು ನೀರೋ, ಗಾಳಿಯೋ, ಜ್ವಾಲಾಮುಖಿಯೋ ಅನ್ನುವುದು ಬೇರೆ ಪ್ರಶ್ನೆ.

ನಿಜವಾದ ಪದರ ನೋಡಬೇಕು ಅಂದರೆ ಕೋಟೆ ಬಿಟ್ಟು ಕೆರೆಗೆ ಹೋಗಿ. ಬೇಸಿಗೆಯಲ್ಲಿ ಹೂಳು ತೆಗೆಯುತ್ತಾರಲ್ಲ, ಜೆಸಿಬಿ ಕಡಿದ ಗುಂಡಿಯ ಗೋಡೆ ನೋಡಿ. ನಾನು ಹಿರಿಯೂರು ಕಡೆ ಒಂದು ಕೆರೆಯಲ್ಲಿ ನೋಡಿದ್ದು ಹೀಗಿತ್ತು. ತಳದಲ್ಲಿ ಗರಸು. ಅದರ ಮೇಲೆ ಬೆರಳಷ್ಟು ಮರಳು. ಅದರ ಮೇಲೆ ಗೇಣುದ್ದ ನುಣ್ಣನೆ ಕಪ್ಪು ಗೋಡು. ಗೋಡಿನ ಮೇಲ್ಭಾಗದಲ್ಲಿ ಬಿರುಕು, ಆ ಬಿರುಕಿನೊಳಗೆ ಮೇಲಿನ ಪದರದ ಮರಳು ಇಳಿದು ತುಂಬಿಕೊಂಡಿತ್ತು. ಕಥೆ ಓದಿ: ಜೋರು ಮಳೆಗೆ ಹಳ್ಳ ಬಂತು, ಮರಳು ಬಿತ್ತು. ನೀರು ನಿಂತಿತು, ಗೋಡು ಕೂತಿತು. ಕೆರೆ ಒಣಗಿತು, ಬಿರುಕು ಬಿಟ್ಟಿತು. ಮತ್ತೆ ಹಳ್ಳ ಬಂತು. ನಾಲ್ಕು ಅಡಿ ಗೋಡೆಯಲ್ಲಿ ಎಷ್ಟೋ ವರ್ಷದ ಮಳೆ ಬೆಳೆ ಬರೆದಿಟ್ಟಿತ್ತು. ನಾನು ಮೂಗು ತಾಗಿಸಿ ನೋಡುತ್ತಿದ್ದರೆ ಕುರಿ ಮೇಯಿಸುವ ಅಜ್ಜ ಬಂದು, "ಏನ್ ಸಾಮಿ, ಚಿನ್ನ ಸಿಕ್ತಾ?" ಅಂದ. ಮೂವತ್ತು ವರ್ಷ ಈ ಜಿಲ್ಲೆಯ ಕಲ್ಲು ನೋಡಿಕೊಂಡು ಓಡಾಡಿದ ನನಗೆ ಈ ಪ್ರಶ್ನೆ ಹೊಸದೇನಲ್ಲ.

ಮಂಗಳನಲ್ಲಿ ಪದರಗಳಿವೆ ಎಂದು ಮೊದಲು ತೋರಿಸಿದ್ದು 1971ರ ಕೊನೆಗೆ ಅಲ್ಲಿ ತಲುಪಿದ ಮ್ಯಾರಿನರ್ 9 ನೌಕೆ. ಆಮೇಲೆ ಮಾರ್ಸ್ ಗ್ಲೋಬಲ್ ಸರ್ವೇಯರ್‌ನ ಕ್ಯಾಮೆರಾ ಇನ್ನೂ ಹತ್ತಿರದಿಂದ ನೋಡಿತು. 2000ನೇ ಇಸವಿಯಲ್ಲಿ ಮಾಲಿನ್ ಮತ್ತು ಎಡ್ಜೆಟ್ ಎಂಬ ಇಬ್ಬರು ವಿಜ್ಞಾನಿಗಳು ಆ ಚಿತ್ರಗಳನ್ನು ಮುಂದಿಟ್ಟು, ಇದು ಬಹಳ ಹಳೆಯ ಕಣಶಿಲೆ ಎಂದರು. ಈಗ ಅಲ್ಲಿ ಸುತ್ತುತ್ತಿರುವ ಹೈರೈಸ್ ಕ್ಯಾಮೆರಾದ ಚಿತ್ರದಲ್ಲಿ ಒಂದು ಚುಕ್ಕೆ ಅಂದರೆ ನೆಲದ ಮೇಲೆ ಸುಮಾರು 30 ಸೆಂಟಿಮೀಟರು. ಅಂದರೆ ಮೇಲಿನಿಂದ ಒಂದು ಟೀಪಾಯಿ ಇದ್ದರೂ ಕಾಣುತ್ತದೆ. ಆದರೆ ಕಾಳು ಕಾಣುವುದಿಲ್ಲ. ತೊಂದರೆ ಇರುವುದೇ ಇಲ್ಲಿ.

ಯಾಕೆಂದರೆ ಮಂಗಳನಲ್ಲಿ ಪದರ ಹಾಕಲು ಬೇಕಾದಷ್ಟು ಜನ ಇದ್ದಾರೆ. ನದಿ ಮತ್ತು ಸರೋವರ ಒಂದು ಕಾಲದಲ್ಲಿ ಇದ್ದವು, ಅದರಲ್ಲಿ ಈಗ ಅನುಮಾನವಿಲ್ಲ. ಗಾಳಿ ಇಂದಿಗೂ ಮರಳು ಹಾಕುತ್ತಿದೆ. ಜ್ವಾಲಾಮುಖಿಯ ಬೂದಿ ಉದುರಿದೆ. ಸಮಭಾಜಕದ ಹತ್ತಿರ ಮೆಡೂಸಾ ಫೋಸೆ ಎಂಬ ಭಾರೀ ಪ್ರದೇಶವಿದೆ. ಅದು ಬಹುತೇಕ ಬೂದಿಯ ರಾಶಿಯೇ ಎಂದು ಹೆಚ್ಚಿನವರ ಅಭಿಪ್ರಾಯ. ಲಾವಾ ಹಾಸುಗಳೂ ಒಂದರ ಮೇಲೊಂದು ಕೂರುತ್ತವೆ. ಉಲ್ಕೆ ಬಡಿದಾಗ ಎದ್ದ ಪುಡಿಯೂ ಪದರವಾಗಿ ಬೀಳುತ್ತದೆ. ಇನ್ನು ಧ್ರುವಗಳಲ್ಲಿ ಮಂಜುಗಡ್ಡೆ ಮತ್ತು ದೂಳು ಸೇರಿ ಕಿಲೋಮೀಟರ್‌ಗಟ್ಟಲೆ ದಪ್ಪದ ಪದರಗಳ ಗುಡ್ಡೆ ಇದೆ. ದೂರದಿಂದ ನೋಡಿದರೆ ಇವೆಲ್ಲ ಒಂದೇ ಥರ.

ಇದರಲ್ಲಿ ದೊಡ್ಡ ದೊಡ್ಡವರೇ ತಬ್ಬಿಬ್ಬಾಗಿದ್ದಾರೆ. 2021ರ ಫೆಬ್ರವರಿ 18ರಂದು ಪರ್ಸಿವಿಯರೆನ್ಸ್ ರೋವರ್ ಜೆಝೆರೋ ಕುಳಿಯಲ್ಲಿ ಇಳಿಯಿತು. 45 ಕಿ.ಮೀ. ಅಗಲದ ಕುಳಿ. ಹಳೇ ನದಿ ಬಂದು ಸೇರಿದ ಮುಖಜಭೂಮಿ ಮೇಲಿನಿಂದಲೇ ಎದ್ದು ಕಾಣುತ್ತಿತ್ತು. ಸರೋವರದ ತಳ ಅಂದಮೇಲೆ ಕೆಸರುಗಲ್ಲು ಸಿಗುತ್ತದೆ ಎಂದು ಬಹಳ ಜನ ಕಾದಿದ್ದರು. ಕುಳಿಯ ನೆಲದ ಕೆಲವು ಕಲ್ಲುಗಳಂತೂ ಪದರ ಪದರವಾಗಿ ಕಂಡವು. ಮೇಲಿನ ದೂಳು ಉಜ್ಜಿ ತೆಗೆದು ನೋಡಿದರೆ ಏನಿದೆ? ಒಂದಕ್ಕೊಂದು ಹೆಣೆದುಕೊಂಡ ಹರಳು. ಅಗ್ನಿಶಿಲೆ, ಅಂದರೆ ಕರಗಿದ ಕಲ್ಲು ಆರಿ ಆದದ್ದು! ನಮ್ಮ ಕೋಟೆ ಬಂಡೆಯ ದಾಯಾದಿ ಅನ್ನಬಹುದು. ನೀರು ಆಮೇಲೆ ಬಂದು ಅದನ್ನು ನೆನೆಸಿತ್ತು, ಅಷ್ಟೇ. ಮರುವರ್ಷ ರೋವರ್ ಮುಖಜಭೂಮಿಯ ಹತ್ತಿರ ಹೋದಾಗ ನಿಜವಾದ ಮರಳುಗಲ್ಲು, ಕೆಸರುಗಲ್ಲು ಸಿಕ್ಕವು. ನನ್ನದೂ ಒಂದು ಇದೆ, ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಂಗಳದಾಳು ಹತ್ತಿರ ನುಣ್ಣನೆಯ ಗೆರೆಗೆರೆ ಕಲ್ಲೊಂದನ್ನು ಕೆಸರುಗಲ್ಲು ಎಂದು ನಕ್ಷೆಯಲ್ಲಿ ಗುರುತು ಹಾಕಿದ್ದೆ. ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಜ್ವಾಲಾಮುಖಿ ಬೂದಿ. ನಕ್ಷೆಯಲ್ಲಿ ಅಷ್ಟೂ ಬಣ್ಣ ಅಳಿಸಿ ಮತ್ತೆ ಬಳಿದೆ.

ಹಾಗಾದರೆ ನೀರೇ ಹಾಕಿದ್ದು ಎಂದು ಗೊತ್ತಾಗುವುದು ಹೇಗೆ? ನಿಮ್ಮ ತಾಲ್ಲೂಕಿನಲ್ಲೇ ಒಂದು ಒಳ್ಳೆ ಪಾಠ ಇದೆ. ತಾಳ್ಯದ ಉಂಡೆಗಲ್ಲಿನ ಬಂಡೆ ನೋಡಿದ್ದೀರಾ? ನೋಡಿದರೆ ಹಳೇ ಕಾಂಕ್ರೀಟು ಅನ್ನಿಸುತ್ತದೆ. ಒಳಗೆ ಬೇರೆ ಬೇರೆ ಜಾತಿಯ ಗುಂಡುಕಲ್ಲು, ಸುತ್ತ ಹಿಟ್ಟಿನಂಥ ಕಲ್ಲು. ಆಮೇಲೆ ಭೂಮಿಯ ಒತ್ತಡಕ್ಕೆ ಸಿಕ್ಕಿ ಗುಂಡುಕಲ್ಲುಗಳೆಲ್ಲ ಚಪ್ಪಟೆಯಾಗಿ, ಉದ್ದಕ್ಕೆ ಎಳೆದುಕೊಂಡಿವೆ. ಭೂವಿಜ್ಞಾನಿಗಳು ಇದನ್ನು ತಾಳ್ಯ ಕಾಂಗ್ಲೊಮರೇಟ್ ಎಂದೇ ಕರೆಯುತ್ತಾರೆ. ಇದರದ್ದೇ ದೂರದ ನೆಂಟ ಮಂಗಳನಲ್ಲೂ ಸಿಕ್ಕಿತು. 2012ರ ಆಗಸ್ಟಿನಲ್ಲಿ ಕ್ಯೂರಿಯಾಸಿಟಿ ರೋವರ್ ಗೇಲ್ ಕುಳಿಯಲ್ಲಿ ಇಳಿಯಿತು. ಮುಂದಿನ ತಿಂಗಳೇ ಒಡೆದ ಚಪ್ಪಡಿಯಂಥ ಕಲ್ಲೊಂದರ ಫೋಟೋ ಕಳಿಸಿತು. ಅದರೊಳಗೆ ನುಣುಪಾದ ಗುಂಡು ಜಲ್ಲಿ. ಆ ಗಾತ್ರದ ಕಲ್ಲನ್ನು ಮಂಗಳನ ಗಾಳಿ ಎತ್ತಲಾರದು. ಉರುಳಿಸಿ ಉರುಳಿಸಿ ಮೂಲೆ ಸವೆಸುವುದು ಹರಿಯುವ ನೀರಿನ ಕೆಲಸ. ಹಿಮ್ಮಡಿಯಿಂದ ಸೊಂಟದವರೆಗೆ ಬರುವಷ್ಟು ನೀರಿನ ಹಳ್ಳ ಅಲ್ಲಿ ಹರಿದಿತ್ತು ಎಂದು ಲೆಕ್ಕ ಹಾಕಿದರು. ನಮ್ಮ ವೇದಾವತಿಯನ್ನು ಪಂಚೆ ಎತ್ತಿಕೊಂಡು ದಾಟುತ್ತೇವಲ್ಲ, ಅಷ್ಟು.

ಆಮೇಲೆ ಅದೇ ರೋವರ್ ಕುಳಿಯ ನಡುವಿನ ಶಾರ್ಪ್ ಬೆಟ್ಟ ಹತ್ತತೊಡಗಿತು. ಸುಮಾರು 5 ಕಿ.ಮೀ. ಎತ್ತರ, ಪೂರ್ತಿ ಪದರ. ಬುಡದಲ್ಲಿ ಮಿಲಿಮೀಟರ್ ದಪ್ಪದ ಗೆರೆಗಳಿರುವ ಕೆಸರುಗಲ್ಲು, ನಿಂತ ನೀರಿನಲ್ಲಿ ಕೂತ ಹೂಳು. ಒಂದು ಕಡೆ ಕೆರೆ ಅಂಗಳದಲ್ಲಿ ಕಾಣುವಂಥ ಬಿರುಕಿನ ಜಾಲ. 2022ರಲ್ಲಿ ಇನ್ನೂ ಮೇಲೆ, ಆಳವಿಲ್ಲದ ನೀರಿನ ತಳದಲ್ಲಿ ಅಲೆ ಮೂಡಿಸಿದ ಸುಕ್ಕು ಕಲ್ಲಾಗಿ ಉಳಿದದ್ದು ಸಿಕ್ಕಿತು. ಇಷ್ಟೇ ಆಗಿದ್ದರೆ 'ಎಲ್ಲಾ ನೀರು' ಅನ್ನಬಹುದಿತ್ತು. ಆದರೆ ಕೆಸರುಗಲ್ಲನ್ನು ಕೊರೆದು ಹಾಕಿದ ಹಳೇ ಇಳಿಜಾರಿನ ಮೇಲೆ ಬೇರೆಯೇ ಒಂದು ಮರಳುಗಲ್ಲು ಕೂತಿದೆ. ಅದರ ಗೆರೆಗಳು ಓರೆ ಓರೆ, ಎತ್ತರೆತ್ತರ. ಅದು ಗಾಳಿ ಹಾಕಿದ ಮರಳುದಿಬ್ಬ. ಅಂದರೆ ಸರೋವರ ಹೋಗಿ, ಅದರ ಹೂಳು ಕಲ್ಲಾಗಿ, ಆ ಕಲ್ಲು ಸವೆದು, ಆಮೇಲೆ ಅಲ್ಲಿ ಮರಳುಗಾಡಾಗಿದೆ. ಎರಡರ ನಡುವಿನ ಆ ಒಂದು ಗೆರೆಯಲ್ಲಿ ಎಷ್ಟು ಕಾಲ ಕಾಣೆಯಾಗಿದೆಯೋ! ನನಗಂತೂ ಇಡೀ ಬೆಟ್ಟದಲ್ಲಿ ಆ ಗೆರೆಯೇ ಹೆಚ್ಚು ಇಷ್ಟ.

ಈಗ ಕೊರೆದದ್ದು ಯಾರು ಎಂಬ ಪ್ರಶ್ನೆ. ಬಹುಪಾಲು ಗಾಳಿ. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ, ಯಾಕೆಂದರೆ ಅಲ್ಲಿನ ಗಾಳಿ ತುಂಬಾ ತೆಳು. ಒತ್ತಡ ನಮ್ಮ ಗಾಳಿಯ ನೂರನೇ ಒಂದು ಪಾಲೂ ಇಲ್ಲ. ಚಿತ್ರದುರ್ಗದ ಗುಡ್ಡದ ಮೇಲೆ ಗಾಳಿಯಂತ್ರ ತಿರುಗಿಸುವ ಆಷಾಢದ ಗಾಳಿ ಅದೇ ವೇಗದಲ್ಲಿ ಮಂಗಳನಲ್ಲಿ ಬೀಸಿದರೆ ಅದರ ತಳ್ಳುವ ಬಲ ಇಲ್ಲಿಯ ಐವತ್ತನೇ ಒಂದು ಪಾಲಿಗೂ ಸಾಲದು. ಆದರೆ ಕಲ್ಲು ಸವೆಸುವುದು ಬರೀ ಗಾಳಿಯಲ್ಲ, ಅದು ಹೊತ್ತ ಮರಳು. ಮಂಗಳನ ಗುರುತ್ವ ನಮ್ಮದರ ಶೇ 38. ಹಾಗಾಗಿ ಒಮ್ಮೆ ಎದ್ದ ಮರಳಿನ ಕಾಳು ದೂರ ದೂರ ಜಿಗಿದು ಕಲ್ಲಿಗೆ ಬಡಿಯುತ್ತದೆ. ಮೇಲಾಗಿ ಅಲ್ಲಿ ಅವಸರವೇ ಇಲ್ಲ. ಹುಲ್ಲು, ಬೇರು, ಮಳೆ ಅಡ್ಡ ಬರುವುದಿಲ್ಲ. ಕೋಟಿಗಟ್ಟಲೆ ವರ್ಷ ಅದೇ ಕೆಲಸ.

ಗೇಲ್ ಕುಳಿಯಲ್ಲೇ ಇದರ ಲೆಕ್ಕ ಸಿಕ್ಕಿದೆ. 2013ರಲ್ಲಿ ಕ್ಯೂರಿಯಾಸಿಟಿ ಕಂಬರ್ಲ್ಯಾಂಡ್ ಎಂದು ಹೆಸರಿಟ್ಟ ಕೆಸರುಗಲ್ಲಿನ ಪುಡಿ ಕೊರೆದು ತೆಗೆಯಿತು. ಅದರೊಳಗಿನ ಕಣಗಳಿಗೆ ಸುಮಾರು 420 ಕೋಟಿ ವರ್ಷ. ಆದರೆ ಆ ಕಲ್ಲು ಬಯಲಿಗೆ ಬಂದು ಆದದ್ದು ಸುಮಾರು 8 ಕೋಟಿ ವರ್ಷ ಮಾತ್ರ. ಹೇಗೆ ಗೊತ್ತಾಯಿತು ಅಂದರೆ, ಆಕಾಶದಿಂದ ಬರುವ ವಿಶ್ವಕಿರಣಗಳು ಕಲ್ಲಿನ ಮೇಲಿನ ಎರಡು ಮೂರು ಮೀಟರಿನಲ್ಲಿ ಮಾತ್ರ ಇಳಿಯುತ್ತವೆ. ಇಳಿದ ಕಡೆ ಹೀಲಿಯಂ, ನಿಯಾನ್‌ಗಳ ವಿಶೇಷ ರೂಪಗಳು ಹುಟ್ಟುತ್ತವೆ. ಅವೆಷ್ಟು ಸೇರಿವೆ ಎಂದು ಅಳೆದರೆ ಎಷ್ಟು ಕಾಲದಿಂದ ಮೇಲೆ ಹೊದಿಕೆ ಇಲ್ಲ ಎಂದು ತಿಳಿಯುತ್ತದೆ. ಅಲ್ಲಿ ಕೆಳಗೆ ಮೆದು ಕೆಸರುಗಲ್ಲು, ಮೇಲೆ ಗಟ್ಟಿ ಮರಳುಗಲ್ಲು. ಮರಳು ಹೊತ್ತ ಗಾಳಿ ಕೆಳಗಿನ ಮೆದುವನ್ನು ತಿನ್ನುತ್ತದೆ. ಆಧಾರ ತಪ್ಪಿದ ಮೇಲಿನದು ಮುರಿದು ಬೀಳುತ್ತದೆ. ಹಳ್ಳದ ದಂಡೆ ಕುಸಿಯುವುದೂ ಇದೇ ಥರ ಅಲ್ವಾ? ನೀರಿನ ಬದಲು ಅಲ್ಲಿ ಗಾಳಿ.

ನೀವು ಕೇಳಿದ 'ಯಾರೋ ಕಟ್ಟಿದ ಮೆಟ್ಟಿಲು' ಕೂಡ ಇದರಿಂದಲೇ. ಗಟ್ಟಿ ಪದರ ಮುಂದಕ್ಕೆ ಚಾಚಿ ನಿಲ್ಲುತ್ತದೆ, ಮೆದು ಪದರ ಒಳಕ್ಕೆ ಸರಿಯುತ್ತದೆ. ಗಟ್ಟಿ ಮೆದು, ಗಟ್ಟಿ ಮೆದು ಎಂದು ಬಂದರೆ ಮೆಟ್ಟಿಲು ತಯಾರು. ಎಲ್ಲ ಪದರಕ್ಕೂ ಒಂದೇ ಗಟ್ಟಿತನ ಬರುವುದಿಲ್ಲ. ಹೂಳು ಕಲ್ಲಾಗಬೇಕಾದರೆ ಮೇಲಿನ ಭಾರ ಒತ್ತಬೇಕು, ಒಳಗೆ ಉಪ್ಪು ಬೆರೆತ ಅಂತರ್ಜಲ ಹರಿದು ಕಾಳಿಗೆ ಕಾಳು ಅಂಟಿಸಬೇಕು. ನೀರು ಎಲ್ಲಿ ಹೆಚ್ಚು ಹರಿಯಿತೋ ಅಲ್ಲಿ ಗಟ್ಟಿ. ಕೆಲವು ಕಡೆ ಮೆಟ್ಟಿಲು ಎಷ್ಟು ಸಮ ಇವೆಯೆಂದರೆ ಕಣ್ಣು ನಂಬುವುದಿಲ್ಲ. ಬೆಕೆರೆಲ್ ಎಂಬ ಕುಳಿಯಲ್ಲಿ ಒಂದೊಂದು ಪದರ ಸುಮಾರು 3.6 ಮೀಟರು. ಅಂಥ ಹತ್ತು ಸೇರಿ ಒಂದು ಕಟ್ಟು, ಮತ್ತೆ ಇನ್ನೊಂದು ಕಟ್ಟು. ಮಂಗಳನ ಅಕ್ಷ ಈಗ 25 ಡಿಗ್ರಿ ಓರೆ ಇದೆ. ನಮ್ಮ ಚಂದ್ರನಂಥ ದೊಡ್ಡ ಉಪಗ್ರಹ ಹಿಡಿದುಕೊಳ್ಳಲು ಇಲ್ಲದ್ದರಿಂದ ಅದು ಬಹಳ ತೂಗಾಡುತ್ತದೆ. ಒಂದು ತೂಗಿಗೆ ಸುಮಾರು 1.2 ಲಕ್ಷ ವರ್ಷ. ಆ ತೂಗಿನ ಹೆಚ್ಚು ಕಡಿಮೆಗೆ ಸುಮಾರು 12 ಲಕ್ಷ ವರ್ಷದ ಇನ್ನೊಂದು ಆವರ್ತನೆ. ಹತ್ತಕ್ಕೆ ಒಂದು! ಓರೆ ಬದಲಾದ ಹಾಗೆ ಬದಲಾಗುವ ಹವಾಮಾನದ ತಾಳವೇ ಪದರವಾಗಿ ಬಿದ್ದಿದೆ ಎಂದು 2008ರಲ್ಲಿ ವಿಜ್ಞಾನಿಗಳು ವಾದಿಸಿದರು. ನನಗೆ ಒಪ್ಪಿಗೆಯಾಗುವ ವಾದ.

ನಮ್ಮಲ್ಲಿ ಯಾಕೆ ಇಂಥ ಮೆಟ್ಟಿಲು ಕಾಣುವುದಿಲ್ಲ? ಚಿತ್ರದುರ್ಗದ ಹಳೇ ಕಣಶಿಲೆಗಳನ್ನು ಭೂಮಿ ಮಡಚಿ, ಹಿಂಡಿ, ಕಪಾಟಿನ ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿಬಿಟ್ಟಿದೆ. ಮಂಗಳನಲ್ಲಿ ಭೂಮಿಯಂತೆ ಭೂಫಲಕಗಳ ತಳ್ಳಾಟವಿಲ್ಲ. ಅಲ್ಲಿ ನಮ್ಮದಕ್ಕಿಂತ ಹಳೇ ಪುಸ್ತಕಗಳೂ ಇಟ್ಟ ಹಾಗೇ ಮಲಗಿವೆ.

ಕೊರೆದ ಮಣ್ಣು ಎಲ್ಲಿ ಹೋಯಿತು ಅಂದಿರಿ. ಮರಳು ಅಲ್ಲಲ್ಲೇ ದಿಬ್ಬವಾಗಿ ಅಲೆಯುತ್ತಿದೆ. ಶಾರ್ಪ್ ಬೆಟ್ಟದ ಬುಡದಲ್ಲೇ ಕಪ್ಪು ಮರಳಿನ ಬ್ಯಾಗ್ನೋಲ್ಡ್ ದಿಬ್ಬಗಳಿವೆ, ಈಗಲೂ ಸರಿಯುತ್ತಿವೆ. ಸಣ್ಣ ದೂಳು ಮಾತ್ರ ಇಡೀ ಗ್ರಹಕ್ಕೆ ಹರಡುತ್ತದೆ. 2018ರ ದೂಳು ಬಿರುಗಾಳಿ ಗ್ರಹವನ್ನೇ ಮುಚ್ಚಿ, ಸೌರಶಕ್ತಿ ನಂಬಿಕೊಂಡಿದ್ದ ಆಪರ್ಚುನಿಟಿ ರೋವರ್ ಅನ್ನು ಸುಮ್ಮನಾಗಿಸಿತು. ಶಾರ್ಪ್ ಬೆಟ್ಟದ ವಿಷಯದಲ್ಲಿ ಜಗಳ ಇನ್ನೂ ಮುಗಿದಿಲ್ಲ. ಕುಳಿ ಒಂದು ಕಾಲದಲ್ಲಿ ಬಹುಪಾಲು ತುಂಬಿತ್ತು, ಗಾಳಿ ಸುತ್ತಲೂ ಕೆರೆದು ನಡುವೆ ಬೆಟ್ಟ ಉಳಿಸಿತು ಎಂದು ಒಂದು ಪಕ್ಷ. ಬೆಟ್ಟದ ಮೇಲ್ಭಾಗ ಮೊದಲಿನಿಂದಲೂ ಗಾಳಿ ತಂದ ದೂಳಿನಿಂದ ಗುಡ್ಡೆಯಾಗಿಯೇ ಬೆಳೆಯಿತು ಎಂದು ಇನ್ನೊಂದು. ಮಕ್ಕಳಿಗೆ ಎರಡನ್ನೂ ಹೇಳಿ. ಜಗಳ ಅಂದರೆ ಅವರಿಗೆ ಖುಷಿ.

ಇನ್ನು ಮಾದರಿ. ಎಲ್ಲರೂ ಮಾಡುವುದು ಬಾಟಲಿ. ಗರಸು, ಮರಳು, ಗೋಡು, ನೀರು ಹಾಕಿ ಕುಲುಕಿ ಇಡುವುದು. ದಪ್ಪದ್ದು ಕೆಳಗೆ, ನುಣ್ಣನೆಯದು ಮೇಲೆ ಕೂರುತ್ತದೆ. ಸುಲಭ. ಆದರೆ ಮಕ್ಕಳ ತಲೆಯಲ್ಲಿ 'ಒಂದೇ ಪ್ರವಾಹಕ್ಕೆ ಎಲ್ಲಾ ಪದರ' ಎಂದು ಉಳಿದುಬಿಡುತ್ತದೆ. ಅದಕ್ಕೆ ಬಾಟಲಿ ಬಿಟ್ಟು ಮೀನಿನ ಗಾಜಿನ ತೊಟ್ಟಿ ತೆಗೆದುಕೊಳ್ಳಿ. ಎರಡು ಮೂರು ದಿನಕ್ಕೊಮ್ಮೆ ಒಂದೊಂದು ಲೋಟ ಕದಡಿದ ನೀರು ಹಾಕಿಸಿ. ಎರಡು ವಾರ ಬೇಕು. ಹಿಂದಿನ ಗೋಡು ಕೂರುವ ತನಕ ಕಾಯುವುದೇ ಕಷ್ಟ, ಪ್ರದರ್ಶನದ ಹಿಂದಿನ ದಿನ ಶುರು ಮಾಡಿದರೆ ಆಗಲ್ಲ.

ಹೇರ್ ಡ್ರೈಯರ್ ಹಿಡಿದು ಗಾಳಿ ಕೊರೆತ ತೋರಿಸುವವರಿದ್ದಾರೆ. ನಾನಾದರೆ ಬೇಡ ಅನ್ನುತ್ತೇನೆ. ಕಣ್ಣಿಗೆ ಮರಳು ಬೀಳುತ್ತದೆ. ಕ್ರಷರ್ ಪುಡಿ, ಸಿಮೆಂಟು ಬಳಸಿದರಂತೂ ಆ ನುಣ್ಣನೆಯ ದೂಳು ಮಕ್ಕಳ ಶ್ವಾಸಕೋಶಕ್ಕೆ ಹೋಗುತ್ತದೆ. ಕಲ್ಲು ಕ್ವಾರಿಯಲ್ಲಿ ಕೆಲಸ ಮಾಡಿ ಎದೆ ಹಾಳು ಮಾಡಿಕೊಂಡವರನ್ನು ಹತ್ತಿರದಿಂದ ನೋಡಿದ್ದೇನೆ, ಇದರಲ್ಲಿ ತಮಾಷೆ ಬೇಡ. ಜೊತೆಗೆ ಮಂಗಳನಲ್ಲಿ ಭಯಂಕರ ಬಿರುಗಾಳಿ ಬೀಸಿ ಕಲ್ಲು ಕೊರೆಯಿತು ಎಂಬ ತಪ್ಪು ಕಲ್ಪನೆ ಬೇರೆ ಬರುತ್ತದೆ.

ನನ್ನ ಮೆಚ್ಚಿನದು ಮೂರನೆಯದು. ಎರಡು ಗಾಜಿನ ಹಲಗೆಯನ್ನು ಅರ್ಧ ಸೆಂಟಿಮೀಟರ್ ಸಂದು ಬಿಟ್ಟು ನಿಲ್ಲಿಸಿ. ಅಂಚಿಗೆಲ್ಲ ದಪ್ಪ ಟೇಪು ಸುತ್ತಿ, ಕೈ ಕೊಯ್ಯದ ಹಾಗೆ. ದಪ್ಪ ಹರಳಿನ ಸಕ್ಕರೆ ಮತ್ತು ಜರಡಿ ಹಿಡಿದ ನುಣ್ಣನೆಯ ಒಣ ಮರಳು ಸಮಸಮ ಬೆರೆಸಿ. ಒಂದು ಮೂಲೆಯಿಂದ ಸಣ್ಣ ಧಾರೆಯಾಗಿ ಸುರಿಯಿರಿ. ಬೆರೆಸಿ ಹಾಕಿದ್ದು ಕಣ್ಣೆದುರೇ ಬಿಳಿ ಗೆರೆ, ಕಂದು ಗೆರೆ, ಬಿಳಿ ಗೆರೆ ಎಂದು ತಾನಾಗಿ ಬೇರೆಯಾಗುತ್ತದೆ! ಒರಟು ಹರಳು ಮತ್ತು ಸಣ್ಣ ಕಾಳು ಇಳಿಜಾರಿನಲ್ಲಿ ಬೇರೆ ಬೇರೆ ಥರ ಜಾರುವುದರಿಂದ ಹೀಗೆ. ನೀರಿಲ್ಲ, ಪ್ರವಾಹವಿಲ್ಲ, ನಡುವೆ ನಿಲ್ಲಿಸಿದ್ದೂ ಇಲ್ಲ. ಮೊದಲ ಸಲಕ್ಕೇ ಬರದಿದ್ದರೆ ಇನ್ನೂ ನುಣ್ಣನೆಯ ಮರಳು ಹಾಕಿ, ಧಾರೆ ಸಣ್ಣ ಮಾಡಿ. ತೊಟ್ಟಿಯನ್ನೂ ಇದನ್ನೂ ಅಕ್ಕಪಕ್ಕ ಇಟ್ಟು, ಯಾವುದು ನೀರಿನದು ಎಂದು ನೋಡಲು ಬಂದವರನ್ನೇ ಕೇಳಲಿ ಮಕ್ಕಳು. ಇದಕ್ಕೊಂದು ಅಪಾಯ ಉಂಟು: ಪದರದಿಂದ ಏನೂ ತಿಳಿಯುವುದಿಲ್ಲ ಎಂದು ಯಾರಾದರೂ ಎದ್ದು ಹೋಗಬಹುದು. ಆಗ ಕೈಗೆ ಭೂತಗನ್ನಡಿ ಕೊಟ್ಟು ಕಾಳು ತೋರಿಸಿ.

ಕೆರೆಗೆ ಹೋಗುವುದಿದ್ದರೆ ಮಳೆ ಹಿಡಿಯುವ ಮುಂಚೆ ಹೋಗಿ. ಜೆಸಿಬಿ ನಿಲ್ಲಿಸಿರುವ ಹೊತ್ತು ನೋಡಿಕೊಳ್ಳಿ. ಗೋಡೆಯ ಬುಡದಲ್ಲಿ ಮಕ್ಕಳನ್ನು ನಿಲ್ಲಿಸಬೇಡಿ, ಒಣಗಿದ ಹೂಳು ಹೇಳದೆ ಕೇಳದೆ ಕುಸಿಯುತ್ತದೆ. ಹಾಗೇ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ನೋಡಿಕೊಂಡು ಬನ್ನಿ. ಅದು ನೀರಿನೊಳಗೇ ಉಕ್ಕಿ ಆರಿದ ಬೆಂಕಿಯ ಕಲ್ಲು. ನೀರಲ್ಲೇ ಹುಟ್ಟಿತು, ಆದರೂ ಕಣಶಿಲೆ ಅಲ್ಲ! ಆ ಹುಡುಗಿ ಇದಕ್ಕೇನು ಕೇಳುತ್ತಾಳೋ ನೋಡೋಣ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವದು, ಚೂರೂ ಒಡೆಯಬೇಡಿ.

ಗುಂಡಿ ಗೋಡೆಯ ಫೋಟೋ ತೆಗೆದು ಕಳಿಸಿ, ಓದಿ ಹೇಳುತ್ತೇನೆ. ತೆಗೆಯುವಾಗ ಪಕ್ಕಕ್ಕೆ ಒಂದು ನಾಣ್ಯ ಇಡಿ, ಅಳತೆ ಗೊತ್ತಾಗಬೇಕಲ್ಲ. ನಾವೆಲ್ಲ ಮಾಡುವುದೇ ಹಾಗೆ. ಕ್ಯೂರಿಯಾಸಿಟಿ ಕೂಡ ಹೋಗುವಾಗ 1909ರ ಒಂದು ಅಮೆರಿಕನ್ ಪೆನ್ನಿ ಅಂಟಿಸಿಕೊಂಡು ಹೋಗಿದೆ. ಈಗ ಅದರ ಮೇಲೂ ಕೆಂಪು ದೂಳು ಕೂತಿದೆ.